ಸ್ಟಾರ್ ಕ್ಲಬ್ ಪ್ಲೇಟು ಕರಕರ ಅನ್ನುತ್ತಿದ್ದರೆ ಮೊದಲು ಇದನ್ನು ನೋಡಿ

ಸರ್, ನಿಮ್ಮ ಪೋಸ್ಟ್ ಓದಿದೆ. ಅಮೆರಿಕದ ರಾಕ್ ಅಂಡ್ ರೋಲ್ ಹಾಡುಗಾರ, ಪಿಯಾನೊ ವಾದಕ ಜೆರ್ರಿ ಲೀ ಲೂಯಿಸ್ 1964ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಸ್ಟಾರ್ ಕ್ಲಬ್‌ನಲ್ಲಿ ಹಾಡಿದ ಲೈವ್ ಎಲ್‌ಪಿ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದೆ, ಆದರೆ ಪಿಯಾನೊ ಒಡೆದ ಹಾಗೆ ಕೇಳಿಸುತ್ತಿದೆ, ಮುಳ್ಳು ಬದಲಿಸಬೇಕಾ ಅಂತ ಕೇಳಿದ್ದೀರಿ. ಕೆಳಗೆ ಇನ್ನೊಬ್ಬರು, ಅಷ್ಟೊತ್ತಿಗೆ ಅವನ ಕಥೆ ಮುಗಿದಿತ್ತಲ್ವಾ, ಆ ಪ್ಲೇಟಿಗೆ ಯಾಕಿಷ್ಟು ಹೆಸರು ಅಂದಿದ್ದಾರೆ. ಎರಡಕ್ಕೂ ಸೇರಿಸಿ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಮುಳ್ಳಿಗೆ ಈಗಲೇ ದುಡ್ಡು ಹಾಕಬೇಡಿ. ಮೊದಲು ಒಂದು ಪರೀಕ್ಷೆ ಮಾಡಿ. ಒಂದು ಬದಿಯ ಮೊದಲ ಹಾಡು ಕೇಳಿ, ಆಮೇಲೆ ಅದೇ ಬದಿಯ ಕೊನೆಯ ಹಾಡು ಕೇಳಿ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೆರೆ ಓಡುತ್ತದೆ. ಲೇಬಲ್ ಹತ್ತಿರ ಬಂದಾಗ ಅದು 20 ಸೆಂ.ಮೀ. ಆಸುಪಾಸಿಗೆ ಇಳಿಯುತ್ತದೆ. ಅಂದರೆ ಅಷ್ಟೇ ಸದ್ದು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿ ಕೂತಿರುತ್ತದೆ. ಮುಳ್ಳು ಸವೆದಿದ್ದರೆ, ಅಥವಾ ಕಾರ್ಟ್ರಿಜ್ (ಮುಳ್ಳು ಕೂರಿಸಿರುವ ಪುಟ್ಟ ಭಾಗ) ಓರೆಯಾಗಿ ಕೂತಿದ್ದರೆ, ಅಲ್ಲೇ ಮೊದಲು ಗೊತ್ತಾಗುವುದು. ಕೊನೆಯ ಹಾಡುಗಳಲ್ಲಿ ಮಾತ್ರ ಕರಕರ ಇದ್ದರೆ ತಪ್ಪು ನಿಮ್ಮ ಪ್ಲೇಯರಿನದು, ಇಲ್ಲವೇ ಹಿಂದಿನ ಮಾಲೀಕರು ಆ ಪ್ಲೇಟನ್ನು ಸವೆಸಿದ್ದಾರೆ. ಮೊದಲ ಹಾಡಿನಿಂದಲೇ ಪಿಯಾನೊ ಒರಟಾಗಿದ್ದು, ಬೇರೆ ಪ್ಲೇಟುಗಳಲ್ಲಿ ಪಿಯಾನೊ ಸರಿಯಾಗಿ ಕೇಳಿಸಿದರೆ ಚಿಂತೆ ಬಿಡಿ. ರೆಕಾರ್ಡಿಂಗೇ ಹಾಗಿದೆ.

ಮುಳ್ಳಿನ ಭಾರವನ್ನೂ, ಅಂದರೆ ಅದು ಪ್ಲೇಟನ್ನು ಎಷ್ಟು ಒತ್ತುತ್ತದೆ ಅನ್ನುವುದನ್ನೂ, ಒಮ್ಮೆ ನೋಡಿ. ಈಗಿನ ಮ್ಯಾಗ್ನೆಟ್ ಕಾರ್ಟ್ರಿಜ್‌ಗಳಲ್ಲಿ ಹೆಚ್ಚಿನವು 1.5ರಿಂದ 2.5 ಗ್ರಾಂ ಒಳಗೆ ಕೆಲಸ ಮಾಡುತ್ತವೆ. ಸರಿಯಾದ ಲೆಕ್ಕ ಅದರ ಕಾಗದದಲ್ಲೇ ಇರುತ್ತದೆ. ಪ್ಲೇಟು ಹಾಳಾಗಬಾರದು ಅಂತ ಭಾರ ತೀರಾ ಇಳಿಸುವವರಿದ್ದಾರೆ. ಅದು ಉಲ್ಟಾ ಕೆಲಸ. ಜೋರು ಸದ್ದು ಬಂದಾಗ ಹಗುರ ಮುಳ್ಳು ಗೆರೆಯೊಳಗೆ ಕುಣಿದು ಗೋಡೆಯನ್ನು ಕೆರೆಯುತ್ತದೆ. ಈ ಪ್ಲೇಟಿನಲ್ಲಂತೂ ಜೋರಿಲ್ಲದ ಜಾಗವೇ ಕಡಿಮೆ. ತೊಳೆಯುವುದಾದರೆ ಡಿಸ್ಟಿಲ್ಡ್ ವಾಟರ್, ಅದಕ್ಕೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು. ಅದೇ ನೀರನ್ನು ನಿಮಿಷಕ್ಕೆ 78 ಸುತ್ತು ತಿರುಗುವ ತಾತನ ಕಾಲದ ಪ್ಲೇಟಿಗೆ ಮಾತ್ರ ಹಾಕಬೇಡಿ. ಅದು ಅರಗಿನದು, ಆಲ್ಕೋಹಾಲ್‌ಗೆ ಕರಗುತ್ತದೆ.

ಇನ್ನು ರೆಕಾರ್ಡಿಂಗ್ ಯಾಕೆ ಹಾಗಿದೆ ಅನ್ನುವುದಕ್ಕೆ ಬರೋಣ. 1964ರ ಏಪ್ರಿಲ್ 5ರಂದು ಇದನ್ನು ಫಿಲಿಪ್ಸ್ ಕಂಪನಿಗಾಗಿ ಧ್ವನಿಮುದ್ರಿಸಿದವರು ನಿರ್ಮಾಪಕ ಸಿಗ್ಗಿ ಲೋಖ್. ಏರ್ಪಾಡು ತೀರಾ ಸರಳ. ವಾದ್ಯಗಳಿಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಮೈಕುಗಳು, ಜನರ ಗಲಾಟೆ ಹಿಡಿಯಲು ಅವರ ನಡುವೆ ಒಂದು ಸ್ಟೀರಿಯೊ ಮೈಕು. ಅಷ್ಟೇ. ಪಿಯಾನೊಗೆ ಅಷ್ಟು ಹತ್ತಿರ ಮೈಕಿಟ್ಟು, ಜೆರ್ರಿ ಲೀ ತರಹದ ಆಸಾಮಿ ಅದನ್ನು ಬಡಿಯಲು ಶುರು ಮಾಡಿದರೆ ಏನಾಗಬೇಕೋ ಅದೇ ಆಗಿದೆ. ತಂತಿಯ ನಾದಕ್ಕಿಂತ ಮೊದಲು ಒಳಗಿನ ಸುತ್ತಿಗೆಯ ಪೆಟ್ಟು ಕಿವಿಗೆ ಬೀಳುತ್ತದೆ. ಗಿಟಾರ್ ಎಲ್ಲೋ ಹಿಂದೆ. ಪಕ್ಕವಾದ್ಯಕ್ಕಿದ್ದವರು ಇಂಗ್ಲೆಂಡಿನ ನ್ಯಾಶ್‌ವಿಲ್ ಟೀನ್ಸ್ ಹುಡುಗರು. ಅವರು ಅನೇಕ ಕಡೆ ಇವನ ವೇಗ ಹಿಡಿಯಲು ಒದ್ದಾಡುವುದು ಸ್ಪಷ್ಟವಾಗಿ ಕೇಳಿಸುತ್ತದೆ. ನನಗೆ ಅದು ಕೊರತೆ ಅನ್ನಿಸುವುದಿಲ್ಲ. ಮಜಾ ಇರುವುದೇ ಅಲ್ಲಿ.

ಮೈಕಿನ ಜಾಗ ಎಷ್ಟು ಮುಖ್ಯ ಅಂತ ತಿಳಿಯಬೇಕಿದ್ದರೆ ಅದೇ ಕ್ಲಬ್ಬಿನ ಇನ್ನೊಂದು ಟೇಪು ಹುಡುಕಿ ಕೇಳಿ. 1962ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡ ಅಲ್ಲಿ ಹಾಡಿದಾಗ ಮನೆಯಲ್ಲಿ ಬಳಸುವ ಗ್ರುಂಡಿಗ್ ಟೇಪ್ ರೆಕಾರ್ಡರ್ ಮತ್ತು ಒಂದೇ ಮೈಕಿನಲ್ಲಿ ಹಿಡಿದದ್ದು. 1977ರಲ್ಲಿ ಎಲ್‌ಪಿಯಾಗಿ ಬಂತು. ಹಾಡುಗಾರರು ಪಕ್ಕದ ಕೋಣೆಯಲ್ಲಿದ್ದಾರೇನೋ ಅನ್ನಿಸುತ್ತದೆ. ಜೆರ್ರಿ ಲೀ ಪ್ಲೇಟಿನಲ್ಲಿ ಆತ ನಿಮ್ಮ ಮೊಣಕಾಲ ಮೇಲೆ ಕೂತು ಹಾಡುತ್ತಾನೆ.

ಕಥೆ ಮುಗಿದಿತ್ತಲ್ವಾ ಅಂದವರಿಗೆ: ಹೌದು, ಹೆಚ್ಚುಕಡಿಮೆ ಮುಗಿದೇ ಇತ್ತು. 1957ರಲ್ಲಿ ಮೆಂಫಿಸ್‌ನ ಸನ್ ಅನ್ನುವ ರೆಕಾರ್ಡ್ ಕಂಪನಿಯಿಂದ ಬಂದ ಎರಡು ಹಾಡುಗಳು ಅವನನ್ನು ಎಲ್ಲಿಗೋ ಏರಿಸಿದ್ದವು. 1958ರ ಮೇ ತಿಂಗಳಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಹೋದಾಗ ಪತ್ರಕರ್ತರಿಗೆ ಜೊತೆಗಿದ್ದ ಹೆಂಡತಿಯ ವಯಸ್ಸು ಗೊತ್ತಾಯಿತು. 13 ವರ್ಷ. ಅವನಿಗೆ 22. ಹುಡುಗಿ ಅವನ ಸೋದರ ಸಂಬಂಧಿಯ ಮಗಳು. ಹಿಂದಿನ ಹೆಂಡತಿಯ ವಿಚ್ಛೇದನವೂ ಪೂರ್ತಿಯಾಗದೆ ಮದುವೆ ಆಗಿತ್ತು. ಮೂರೇ ಕಾರ್ಯಕ್ರಮಕ್ಕೆ ಪ್ರವಾಸ ರದ್ದಾಯಿತು. ರಾತ್ರಿಗೆ 10,000 ಡಾಲರ್ ಕೇಳುತ್ತಿದ್ದವನು 250 ಡಾಲರ್‌ಗೆ ಸಣ್ಣ ಜಾಗಗಳಲ್ಲಿ ಹಾಡಬೇಕಾಯಿತು. ಅಭಿಮಾನಿಗಳು ಇದನ್ನು ಪಾಪ, ಪತ್ರಿಕೆಯವರು ಮುಗಿಸಿಬಿಟ್ಟರು ಅಂತ ಹೇಳುವುದುಂಟು. ನಾನು ಒಪ್ಪುವುದಿಲ್ಲ. ಸಂಬಂಧದೊಳಗಿನ ಮದುವೆ ನಮ್ಮ ಕಡೆ ಯಾರಿಗೂ ಹೊಸದಲ್ಲ, ಆದರೆ 13 ವರ್ಷದ ಮಗುವಿನ ಮಾತು ಬೇರೆ. ಪ್ಲೇಟು ಚೆನ್ನಾಗಿದೆ ಅಂತ ಅದನ್ನು ಸುಮ್ನೆ ತೇಲಿಸಿಬಿಡುವುದು ಸರಿಯಲ್ಲ.

ಮುಂದಿನ ವರ್ಷಗಳೂ ಹಾಗೇ ಹೋದವು. 1961ರಲ್ಲಿ ರೇ ಚಾರ್ಲ್ಸ್ ಅವರ ‘ವಾಟ್ ಡ್ ಐ ಸೇ’ ಹಾಡಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 30ನೇ ಸ್ಥಾನ ಮುಟ್ಟಿದ. 1962ರಲ್ಲಿ ಪುಟ್ಟ ಮಗ ಈಜುಕೊಳದಲ್ಲಿ ಮುಳುಗಿ ತೀರಿಕೊಂಡ. 1963ರಲ್ಲಿ ಸನ್ ಬಿಟ್ಟು ಸ್ಮ್ಯಾಶ್ ಕಂಪನಿ ಸೇರಿದ. ಇನ್ನು ತಾರೀಖು ನೋಡಿ. ಏಪ್ರಿಲ್ 4, 1964ರ ಬಿಲ್‌ಬೋರ್ಡ್ ಪತ್ರಿಕೆಯ ಅದೇ ಹಾಡುಗಳ ಪಟ್ಟಿಯಲ್ಲಿ ಮೊದಲ ಐದೂ ಜಾಗ ಬೀಟಲ್ಸ್‌ನದೇ. ಮಾರನೇ ದಿನ, ಅವರು ಹಾಡಿ ಬೆಳೆದ ಅದೇ ಕ್ಲಬ್ಬಿನಲ್ಲಿ, 28 ವರ್ಷಕ್ಕೇ ಹಳಬನಾಗಿಬಿಟ್ಟ ಇವನು ಪಿಯಾನೊ ಮುಂದೆ ಕೂತ. ಜನ ‘ಜೆರ್ರಿ, ಜೆರ್ರಿ’ ಅಂತ ಕೂಗುವುದನ್ನು ಆ ಸ್ಟೀರಿಯೊ ಮೈಕು ಚೆನ್ನಾಗಿ ಹಿಡಿದಿದೆ.

ಕೇಳುವ ಕ್ರಮ ಹೇಳಬೇಕಂದರೆ, ಮೊದಲ ಸಲಕ್ಕೆ ಹೆಡ್‌ಫೋನ್ ಬೇಡ, ಕಿವಿ ದಣಿಯುತ್ತದೆ. ಸ್ಪೀಕರ್‌ನಲ್ಲಿ ಟ್ರೆಬಲ್ ಸ್ವಲ್ಪ ಇಳಿಸಿ, ವಾಲ್ಯೂಮ್ ಏರಿಸಿ. ಒಟ್ಟು 40 ನಿಮಿಷವೂ ಇಲ್ಲ, ಒಂದೇ ಕೂರಿಕೆಗೆ ಆಗುತ್ತದೆ. ಎರಡನೇ ಬದಿಯ ನಡುವೆ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಶೈಲಿ) ಹಾಡುಗಾರ ಹ್ಯಾಂಕ್ ವಿಲಿಯಮ್ಸ್ ಅವರ ‘ಯುವರ್ ಚೀಟಿಂಗ್ ಹಾರ್ಟ್’ ಬರುತ್ತದೆ. ಅಬ್ಬರದ ನಡುವೆ ಅದೊಂದೇ ಉಸಿರು ಬಿಡುವ ಜಾಗ. ಅದನ್ನು ಗಮನವಿಟ್ಟು ಕೇಳಿ. 1968ರಲ್ಲಿ ಇವನು ಕಂಟ್ರಿ ಹಾಡುಗಾರನಾಗಿ ಮತ್ತೆ ಮೇಲೆದ್ದ. ಆ ದನಿ ಇಲ್ಲಿ ಆಗಲೇ ಇದೆ.

ಸಿಡಿ ತಗೊಳ್ಳಬೇಕಾ ಅಂದರೆ, ನಿಮ್ಮ ಎಲ್‌ಪಿ ಕೊನೆಯ ಹಾಡುಗಳಲ್ಲಿ ಸವೆದಿದ್ದರೆ ಮಾತ್ರ. ಜರ್ಮನಿಯ ಬೇರ್ ಫ್ಯಾಮಿಲಿ ಕಂಪನಿಯವರದು ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. ಕರಾರಿನ ತೊಡಕಿನಿಂದ ಅಮೆರಿಕದಲ್ಲಿ ಇದು ಬಹಳ ವರ್ಷ ಬರಲೇ ಇಲ್ಲ. 1992ರಲ್ಲಿ ರೈನೊ ಕಂಪನಿ ಅಲ್ಲಿ ಬಿಡುಗಡೆ ಮಾಡಿತು. ಹಾಗಾಗಿ ‘1964ರ ಅಮೆರಿಕನ್ ಒರಿಜಿನಲ್’ ಅಂತ ಯಾರಾದರೂ ಜಾಸ್ತಿ ರೇಟು ಹೇಳಿದರೆ ನಕ್ಕು ಮುಂದೆ ಹೋಗಿ. ಈ ಒರಟು ಸದ್ದು ಒಗ್ಗುವುದೇ ಇಲ್ಲ ಅನ್ನುವವರಿಗೆ 1964ರ ಜುಲೈನಲ್ಲಿ ಅಮೆರಿಕದ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿದ ‘ದಿ ಗ್ರೇಟೆಸ್ಟ್ ಲೈವ್ ಶೋ ಆನ್ ಅರ್ಥ್’ ಇದೆ. ಅದು ಸ್ವಲ್ಪ ಸಭ್ಯವಾಗಿದೆ. ನಾನು ಹ್ಯಾಂಬರ್ಗ್ ಪಕ್ಷ.

ರಾಜ್ಯೋತ್ಸವಕ್ಕೆ ನಿಮ್ಮ ಬಡಾವಣೆಯ ಆರ್ಕೆಸ್ಟ್ರಾ ರೆಕಾರ್ಡ್ ಮಾಡಬೇಕು, ಸೌಂಡ್ ಮಿಕ್ಸರ್‌ನಿಂದ ನೇರ ವೈರು (ಲೈನ್) ತೆಗೆದರೆ ಸಾಕಾ ಅಂತ ಕೊನೆಗೆ ಕೇಳಿದ್ದೀರಲ್ಲ. ಸಾಲದು. ಮಿಕ್ಸರ್‌ನಲ್ಲಿ ದನಿ ಜೋರಾಗಿರುತ್ತದೆ, ಸ್ಟೇಜಿನಲ್ಲೇ ಸಾಕಷ್ಟು ಕೇಳುವ ಡ್ರಮ್ಮು, ಗಿಟಾರ್ ಕಡಿಮೆ ಇರುತ್ತವೆ, ಜನರಂತೂ ಇರುವುದೇ ಇಲ್ಲ. ಲೋಖ್ ಮಾಡಿದ ಹಾಗೆ ಜನರ ನಡುವೆ ಒಂದು ಸ್ಟೀರಿಯೊ ರೆಕಾರ್ಡರ್ ಬೇರೆಯೇ ಇಡಿ. 24 ಬಿಟ್‌ನಲ್ಲಿ, ಅತಿ ಜೋರು ಬಂದಾಗಲೂ ರೆಕಾರ್ಡರಿನ ಲೆವೆಲ್ ಮೀಟರ್ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವ ಹಾಗೆ ಇರಲಿ. ಟೇಪು ಲೆವೆಲ್ ಮೀರಿದರೂ ಒಂದು ಮಟ್ಟಿಗೆ ತಡೆದುಕೊಳ್ಳುತ್ತಿತ್ತು, ಡಿಜಿಟಲ್ ತಡೆಯುವುದಿಲ್ಲ. ಆಮೇಲೆ ಮಿಕ್ಸರ್ ಲೈನು, ಈ ರೆಕಾರ್ಡಿಂಗು ಎರಡನ್ನೂ ಸೇರಿಸುವಾಗ ಸಮಯ ಹೊಂದಿಸಬೇಕು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಆದ್ದರಿಂದ ಸ್ಪೀಕರ್‌ನಿಂದ 17 ಮೀಟರ್ ದೂರ ಇಟ್ಟ ಮೈಕಿಗೆ 50 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಆ ಮೈಕಿನ ರೆಕಾರ್ಡಿಂಗ್ ಅಷ್ಟು ಬೇಗ ಶುರುವಾಗುವ ಹಾಗೆ ಹಿಂದಕ್ಕೆ ಎಳೆಯದಿದ್ದರೆ ಹಾಡು, ಡ್ರಮ್ಮು ಎಲ್ಲ ಎರಡೆರಡು ಸಲ ಕೇಳುತ್ತದೆ.

ಪರೀಕ್ಷೆ ಮಾಡಿ ಏನಾಯಿತು ಅಂತ ಇಲ್ಲೇ ಹಾಕಿ. ಕಾರ್ಟ್ರಿಜ್ ಮುಂದಿನಿಂದ ಮತ್ತು ಪಕ್ಕದಿಂದ ಒಂದೊಂದು ಫೋಟೋ, ಜೊತೆಗೆ ಪ್ಲೇಟಿನ ಲೇಬಲ್ ಫೋಟೋ ಇದ್ದರೆ ಹೇಳುವುದು ಸುಲಭ.