ರೈಲಿನಲ್ಲಿ ಆಡೋಕೆ ಯಾವ ಆಟ ತಗೊಳ್ಳಲಿ ಅಕ್ಕಾ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮೂರು ಕ್ಯಾತ್ಸಂದ್ರ. ಕೆಲಸ ಯಶವಂತಪುರದ ಹತ್ತಿರ. ದಿನಾ ರೈಲಿನಲ್ಲೇ ಹೋಗಿ ಬರುತ್ತೇನೆ. ದುಬೈನಲ್ಲಿರುವ ಭಾವ ಈ ಸಲ ಬಂದಾಗ ನಿಂಟೆಂಡೊ ಸ್ವಿಚ್ ಲೈಟ್ ಅಂತ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ಕೊಟ್ಟು ಹೋದರು. ಆದರೆ ಜೊತೆಗೆ ಒಂದೂ ಆಟ ಇರಲಿಲ್ಲ. ಫೋನಿನಲ್ಲಿ ಕ್ರಿಕೆಟ್ ಆಡಿದ್ದು ಬಿಟ್ಟರೆ ನನಗೆ ಬೇರೇನೂ ಗೊತ್ತಿಲ್ಲ. ಬೆಲೆ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಎರಡೋ ಮೂರೋ ತಗೊಳ್ಳಬಹುದು, ಅಷ್ಟೇ. ಸ್ನೇಹಿತರೆಲ್ಲ ಜೆಲ್ಡಾ ತಗೋ ಅಂತಾರೆ. ನೀವೇನಂತೀರಿ?
(ಹೆಸರು ಬೇಡ ಎಂದಿದ್ದಾರೆ, ಕ್ಯಾತ್ಸಂದ್ರ)

ಉತ್ತರ: ಅಕ್ಕ ಎಂದು ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ನಾನೂ ಆರು ವರ್ಷ ಅದೇ ದಾರಿಯಲ್ಲಿ ಓಡಾಡಿದವಳು. ತುಮಕೂರಿನಲ್ಲೇ ಹತ್ತುತ್ತಿದ್ದೆ, ಸೀಟು ಸಿಗುತ್ತಿತ್ತು. ಕ್ಯಾತ್ಸಂದ್ರದಲ್ಲಿ ಹತ್ತುವವರ ಕಷ್ಟವನ್ನು ಕಣ್ಣಾರೆ ನೋಡಿದ್ದೇನೆ. ಒಂದು ದಿನ ಸೀಟು, ಮರುದಿನ ಬಾಗಿಲ ಹತ್ತಿರ ನಿಲ್ಲೋದು. ಹಾಗಾಗಿ ‘ಯಾವ ಆಟ ಚೆನ್ನಾಗಿದೆ’ ಅನ್ನುವುದಕ್ಕಿಂತ ಮೊದಲು ‘ಯಾವ ಆಟವನ್ನು ಥಟ್ಟನೆ ನಿಲ್ಲಿಸಬಹುದು’ ಅಂತ ಕೇಳಬೇಕು. ಪಕ್ಕದಲ್ಲಿ ಅಜ್ಜಿ ಬಂದು ನಿಂತರೆ ಎದ್ದು ಜಾಗ ಕೊಡಬೇಕು. ಆಗ ‘ಒಂದು ನಿಮಿಷ, ಈ ರಾಕ್ಷಸನನ್ನು ಮುಗಿಸ್ತೀನಿ’ ಅನ್ನೋಕಾಗಲ್ಲ ಅಲ್ವಾ?

ಸ್ನೇಹಿತರು ಹೇಳಿದ ಜೆಲ್ಡಾ ಅಂದರೆ ಬಹುಶಃ ‘ಬ್ರೆತ್ ಆಫ್ ದಿ ವೈಲ್ಡ್’. 2017ರ ಮಾರ್ಚ್ 3ರಂದು ಸ್ವಿಚ್ ಬಂದ ದಿನವೇ ಅದೂ ಬಂತು. ನಾನು ಆಡಿದ ಆಟಗಳಲ್ಲಿ ಅದಕ್ಕಿಂತ ದೊಡ್ಡ ಬಯಲು, ಅದಕ್ಕಿಂತ ಚೆಂದದ ಗಾಳಿ ಮಳೆ ಬೇರೆ ನೋಡಿಲ್ಲ. ಆದರೂ ಮೊದಲು ಅದನ್ನು ತಗೋಬೇಡ. ಬೆಳಿಗ್ಗೆ ಅರ್ಧ ಬೆಟ್ಟ ಹತ್ತಿರುತ್ತೀಯ, ಅಷ್ಟರಲ್ಲಿ ಯಶವಂತಪುರ ಬರುತ್ತದೆ. ಸಂಜೆ ಮತ್ತೆ ತೆಗೆದರೆ ಆ ಬೆಟ್ಟ ಯಾಕೆ ಹತ್ತುತ್ತಿದ್ದೆ ಅನ್ನೋದೇ ಮರೆತಿರುತ್ತದೆ. ಅದು ಭಾನುವಾರ ಮಧ್ಯಾಹ್ನದ ಆಟ. ಆರು ತಿಂಗಳು ಬಿಟ್ಟು ತಗೋ.

ನಿನಗೆ ನಾನು ಮೊದಲು ಹೇಳೋದು ‘ಸ್ಟಾರ್‌ಡ್ಯೂ ವ್ಯಾಲಿ’. ಎರಿಕ್ ಬರೋನ್ ಎಂಬ ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಜಾಸ್ತಿ ಕೂತು ಮಾಡಿದ ಆಟ ಅದು. ಚಿತ್ರ, ಸಂಗೀತ, ಮಾತು ಎಲ್ಲ ಅವನದೇ. 2016ರಲ್ಲಿ ಕಂಪ್ಯೂಟರಿಗೆ ಬಂತು, ಮರುವರ್ಷ ಸ್ವಿಚ್‌ಗೂ ಬಂತು. ಪಟ್ಟಣದ ಆಫೀಸು ಕೆಲಸ ಬೇಸತ್ತು, ತಾತ ಬಿಟ್ಟುಹೋದ ಪಾಳು ಜಮೀನಿಗೆ ಬರುವ ಕತೆ. ಬಂದ ದಿನ ಕೈಯಲ್ಲಿರೋದು ಒಂದು ಗುದ್ದಲಿ, ಒಂದು ನೀರಿನ ಡಬ್ಬ, ಇನ್ನೊಂದೆರಡು ಸಾಮಾನು ಮತ್ತು ಪಾರ್ಸ್‌ನಿಪ್ ಎಂಬ ಗೆಡ್ಡೆಯ 15 ಬೀಜ. ಕಲ್ಲು, ಕಳೆ ತೆಗೆದು ಅಷ್ಟು ಬೀಜ ಹಾಕಿ ನೀರುಣಿಸಿದರೆ ನಾಲ್ಕು ದಿನಕ್ಕೆ ಕೊಯ್ಲು. ಒಂದೊಂದು ಕಾಲ 28 ದಿನ. ಕಾಲ ಮುಗಿಯೋಕೆ ಮೂರು ದಿನ ಇರುವಾಗ ಆಸೆಪಟ್ಟು ಬೀಜ ಹಾಕಿದರೆ, ಹೊಸ ಕಾಲದ ಮೊದಲ ಬೆಳಿಗ್ಗೆ ಹೊಲವೆಲ್ಲ ಒಣಗಿ ನಿಂತಿರುತ್ತದೆ. ನಮ್ಮ ಮಾವ ರಾಗಿ ಬೆಳೆಯುವವರು. ನನ್ನ ಭುಜದ ಮೇಲಿಂದ ಅದನ್ನು ನೋಡಿ, ‘ಹದ ತಪ್ಪಿ ಬಿತ್ತಿದರೆ ಇನ್ನೇನಾಗುತ್ತೆ ತಾಯಿ’ ಅಂದರು. ಅವತ್ತಿನಿಂದ ಏನು ಹಾಕಲಿ ಅಂತ ಅವರನ್ನೇ ಕೇಳುತ್ತಿದ್ದೆ.

ರೈಲಿಗೆ ಇದು ಯಾಕೆ ಸರಿ ಅಂದರೆ, ಆಟದೊಳಗಿನ ಒಂದು ದಿನಕ್ಕೆ ನಮ್ಮ ಲೆಕ್ಕದಲ್ಲಿ ಸುಮಾರು 14 ನಿಮಿಷ. ಕ್ಯಾತ್ಸಂದ್ರದಲ್ಲಿ ಎದ್ದು ಹಲ್ಲುಜ್ಜಿದರೆ ದಾಬಸ್‌ಪೇಟೆ ಬರುವಷ್ಟರಲ್ಲಿ ಹಾಸಿಗೆಗೆ ಬಂದಿರುತ್ತೀಯ. ಆದರೆ ಒಂದು ಎಚ್ಚರ. ಈ ಆಟ ಸೇವ್ ಆಗೋದು ಮಲಗಿದಾಗ ಮಾತ್ರ. ಮಧ್ಯದಲ್ಲಿ ನಿಲ್ಲಿಸಬೇಕಾದರೆ ಮೇಲಿನ ಪವರ್ ಗುಂಡಿ ಒತ್ತಿ ಸ್ವಿಚ್ ಅನ್ನು ನಿದ್ದೆಗೆ ಹಾಕು. ಮತ್ತೆ ತೆಗೆದಾಗ ಅಲ್ಲೇ ನಿಂತಿರುತ್ತದೆ. ಬೇರೆ ಆಟ ಮಾತ್ರ ತೆರೆಯಬೇಡ. ಸ್ವಿಚ್‌ನಲ್ಲಿ ಒಂದು ಸಲಕ್ಕೆ ಒಂದೇ ಆಟ ಓಡುತ್ತದೆ, ಇನ್ನೊಂದನ್ನು ತೆರೆದರೆ ಮೊದಲಿನದು ಮುಚ್ಚಿಹೋಗುತ್ತದೆ. ಒಂದು ಸಂಜೆ ನಾನು ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ನನ್ನ ಮಗಳು ಹಾಗೆ ಮಾಡಿದ್ದಳು. ಇಡೀ ದಿನ ಮಳೆಯಲ್ಲಿ ನಿಂತು ಹಿಡಿದ ಮೀನೆಲ್ಲ ಹೋಯಿತು. ಅವಳೂ ಅತ್ತಳು, ನನಗೂ ಬೇಜಾರಾಯಿತು.

ಎರಡನೆಯದು ‘ಇನ್‌ಟು ದಿ ಬ್ರೀಚ್’. ಅರಳಿಕಟ್ಟೆ ಮೇಲೆ ಹುಲಿ-ಕುರಿ ಆಡಿದ್ದರೆ ನಿನಗೆ ಇದು ಬೇಗ ಹತ್ತುತ್ತದೆ. ಎಂಟಕ್ಕೆ ಎಂಟು ಮನೆಯ ಪುಟ್ಟ ಹಾಸು, ನಿನ್ನ ಕಡೆ ಮೂರು ಯಂತ್ರ, ಎದುರು ಕಡೆ ದೈತ್ಯ ಹುಳುಗಳು. ಹುಳು ಮುಂದೆ ಎಲ್ಲಿಗೆ ಹೊಡೆಯುತ್ತದೆ ಅಂತ ಆಟವೇ ಮೊದಲು ತೋರಿಸಿಬಿಡುತ್ತದೆ. ಅದನ್ನು ಒಂದು ಮನೆ ಆಚೆ ತಳ್ಳಿದರೆ ಅದರ ಏಟು ಅದರ ಜೊತೆಯವನಿಗೇ ಬೀಳುತ್ತದೆ. ಆ ಒಂದು ತಳ್ಳು ಹೊಳೆಯುವವರೆಗೆ ಹತ್ತು ನಿಮಿಷ ಯೋಚಿಸಿದರೂ ಯಾರೂ ಆತುರ ಮಾಡಲ್ಲ. ನಿಂತುಕೊಂಡು ಹೋಗುವ ದಿನಕ್ಕೆ ಇದೇ ಸರಿ. ಹೆಬ್ಬೆರಳಿಗೆ ಕೆಲಸ ಕಡಿಮೆ, ತಲೆಗೆ ಜಾಸ್ತಿ.

ಮೂರನೆಯದು ನನಗೆ ತುಂಬಾ ಪ್ರೀತಿಯದು, ಆದರೆ ಎಲ್ಲರಿಗೂ ಹಿಡಿಸುತ್ತದೆ ಅಂತ ಹೇಳಲಾರೆ. ‘ಸೆಲೆಸ್ಟ್’, 2018ರದ್ದು. ಮ್ಯಾಡೆಲಿನ್ ಎಂಬ ಹುಡುಗಿ ಒಬ್ಬಳೇ ಬೆಟ್ಟ ಹತ್ತುತ್ತಾಳೆ. ನೂರಾರು ಸಲ ಬೀಳುತ್ತೀಯ. ಬಿದ್ದ ಮರುಕ್ಷಣವೇ ಅದೇ ಬಂಡೆಯ ಬುಡದಲ್ಲಿ ಎದ್ದು ನಿಂತಿರುತ್ತೀಯ, ಹಿಂದಿನದು ಏನೂ ಹೋಗಲ್ಲ. ನಡುವೆ ಒಂದು ಜಾಗದಲ್ಲಿ ತಂತಿಯ ಮೇಲೆ ಹೋಗುವ ತೊಟ್ಟಿಲು ಕೆಟ್ಟು ನಿಲ್ಲುತ್ತದೆ. ಹುಡುಗಿಗೆ ಎದೆ ಬಿಗಿದು ಉಸಿರು ಕಟ್ಟುತ್ತದೆ. ಜೊತೆಗಿರುವ ಹುಡುಗ ‘ಕಣ್ಣ ಮುಂದೆ ಒಂದು ಗರಿ ತೇಲುತ್ತಿದೆ ಅಂದುಕೋ, ಉಸಿರಿನಿಂದ ಅದನ್ನು ಮೇಲೆ ಕೆಳಗೆ ಮಾಡು’ ಅನ್ನುತ್ತಾನೆ. ಆಗ ಗುಂಡಿ ಒತ್ತಿ, ಬಿಟ್ಟು, ಆ ಗರಿಯನ್ನು ತೇಲಿಸೋದು ನೀನೇ. ನಾನು ಇದನ್ನು ಆಡಿದ್ದು ನಿಡವಂದದ ಹತ್ತಿರ ರೈಲು ಸುಮ್ನೆ ನಿಂತಿದ್ದಾಗ. ಗರಿಯ ಜೊತೆ ನನ್ನ ಉಸಿರೂ ಏರಿಳಿಯುತ್ತಿತ್ತು. ಆ ವರ್ಷ ಮನೆಯಲ್ಲಿ ತುಂಬಾ ಕಷ್ಟವಿತ್ತು. ಈಗಲೂ ಎದೆ ಡವಡವ ಅಂದಾಗ ಆ ಗರಿ ನೆನಪಾಗುತ್ತದೆ. ಕಷ್ಟ ಅನ್ನಿಸಿದರೆ ಆಟದ ವೇಗ ಕಡಿಮೆ ಮಾಡುವ, ಏಟೇ ತಾಗದ ಹಾಗೆ ಮಾಡುವ ‘ಅಸಿಸ್ಟ್ ಮೋಡ್’ ಇದೆ. ನಾಚಿಕೆ ಬೇಡ, ಹಾಕಿಕೋ.

ಆ ಮೂರರ ಜೊತೆ ಇನ್ನೊಂದು ಪುಟ್ಟದನ್ನು ಹೇಳದೆ ಇರಲಾರೆ, ಅದೂ ತಟ್ಟೆ ಇಡ್ಲಿ ಊರಿನವನಿಗೆ. ‘ವೆಣ್ಬಾ’, 2023ರದ್ದು. ಕೆನಡಾಗೆ ಹೋಗಿ ನೆಲೆಸಿದ ತಮಿಳು ಕುಟುಂಬದ ಕತೆ. ಅಮ್ಮನ ಹರಿದುಹೋದ ಅಡುಗೆ ಪುಸ್ತಕ ಇಟ್ಟುಕೊಂಡು ಒಂದೊಂದೇ ಅಡುಗೆ ಮಾಡಬೇಕು. ಮೊದಲನೆಯದೇ ಇಡ್ಲಿ. ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಕೂರಿಸೋದು ಅನ್ನುವಲ್ಲಿ ನಾನು ಸಿಕ್ಕಿಹಾಕಿಕೊಂಡಿದ್ದೆ. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ನನ್ನಮ್ಮ ಕನ್ನಡಕ ಏರಿಸಿ ನೋಡಿ, ‘ಹಬೆ ಹೋಗೋಕೆ ದಾರಿ ಬಿಡೇ’ ಅಂದರು. ಎರಡು ಗಂಟೆಯೊಳಗೆ ಮುಗಿದುಹೋಗುತ್ತದೆ. ಬೆಲೆ ಇಳಿದಾಗ ತಗೋ, ಮನೆಯಲ್ಲಿ ಅಮ್ಮನ ಪಕ್ಕ ಕೂತು ಆಡು.

ಕೊಳ್ಳುವ ವಿಷಯ. ನಿಂಟೆಂಡೊ ನಮ್ಮ ದೇಶದಲ್ಲಿ ನೇರವಾಗಿ ಮಾರಲ್ಲ, ಇಲ್ಲಿ ಸಿಗೋದೆಲ್ಲ ಹೊರಗಿನಿಂದ ತಂದದ್ದು. ಅದಕ್ಕೇ ಬೆಲೆ ಹಾಗಿರುತ್ತದೆ. ಭಾವನಿಗೆ ಹೇಳಿ ದುಬೈನಿಂದಲೇ ಆಟ ಇರುವ ಪುಟ್ಟ ಕಾರ್ಡ್ ತರಿಸು, ಅಲ್ಲಿನ ಕಾರ್ಡ್ ಇಲ್ಲೂ ಓಡುತ್ತದೆ. ಆಟ ಮುಗಿದ ಮೇಲೆ ಕಾರ್ಡ್ ಮಾರಬಹುದು, ಡೌನ್‌ಲೋಡ್ ಮಾಡಿದ್ದನ್ನು ಮಾರೋಕಾಗಲ್ಲ. ಡೆಮೊ, ಅಂದರೆ ರುಚಿ ನೋಡೋಕೆ ಒಂದಿಷ್ಟು ಭಾಗ, ಇರುವ ಆಟವಾದರೆ ಮೊದಲು ಅದನ್ನೇ ಆಡಿ ನೋಡು, ದುಡ್ಡು ಕೇಳಲ್ಲ. ಲೈಟ್‌ನಲ್ಲಿ ಒಳಗಿನ ಜಾಗ 32 ಜಿಬಿ ಮಾತ್ರ, ಮುಂದೆ ಮೈಕ್ರೊಎಸ್‌ಡಿ ಕಾರ್ಡ್ ಬೇಕಾಗುತ್ತದೆ. ರೈಲಿನಲ್ಲಿ ಏರೋಪ್ಲೇನ್ ಮೋಡ್ ಹಾಕಿದರೆ ಬ್ಯಾಟರಿ ಜಾಸ್ತಿ ಬರುತ್ತದೆ. ಇಯರ್‌ಫೋನ್ ಮರೆಯಬೇಡ. ಮತ್ತೆ, ಬೆಳಿಗ್ಗೆ ಬೆಂಗಳೂರಿಗೆ ಹೋಗುವಾಗ ಎಡಗಡೆ ಕಿಟಕಿಗೆ ಬಿಸಿಲು ಹೊಡೆಯುತ್ತದೆ, ಪರದೆ ಮೇಲೆ ಏನೂ ಕಾಣಲ್ಲ. ಸೀಟು ಸಿಕ್ಕರೆ ಬಲಗಡೆ ಕೂತುಕೋ.

ಪ್ರಶ್ನೆ: ಮಗನಿಗೆ 11, ಮಗಳಿಗೆ 7 ವರ್ಷ. ಮನೆಯಲ್ಲಿ ಟಿವಿಗೆ ಹಾಕುವ ಸ್ವಿಚ್ ಇದೆ. ದಿನಾ ಜಗಳ. ಇಬ್ಬರೂ ಒಟ್ಟಿಗೆ ಆಡುವಂಥದ್ದು ಇದೆಯಾ? (ಓದುಗ ತಾಯಿ, ತಿಪಟೂರು)

ಉತ್ತರ: ಇದೆ. ‘ಸೂಪರ್ ಮಾರಿಯೊ ಒಡಿಸ್ಸಿ’ಯಲ್ಲಿ ಇಬ್ಬರ ಆಟ ಅಂತ ಆರಿಸಿ. ಅಣ್ಣ ಮಾರಿಯೊ ಆಗುತ್ತಾನೆ, ತಂಗಿ ಮಾರಿಯೊನ ಟೋಪಿ ಆಗುತ್ತಾಳೆ. ಟೋಪಿ ಹಾರಿಹೋಗಿ ನಾಣ್ಯ ಹೆಕ್ಕಬಹುದು, ಶತ್ರುವಿಗೆ ಹೊಡೆಯಬಹುದು. ಇಬ್ಬರೂ ಒಂದೇ ಕಡೆ ಇರೋದರಿಂದ ಸೋತರೆ ಒಟ್ಟಿಗೇ ಸೋಲುತ್ತಾರೆ, ಜಗಳಕ್ಕೆ ಜಾಗ ಕಡಿಮೆ. ರೇಸೇ ಬೇಕು ಅಂದರೆ ‘ಮಾರಿಯೊ ಕಾರ್ಟ್ 8 ಡಿಲಕ್ಸ್’. ಅದರಲ್ಲಿ ಪುಟ್ಟಿಗೆ ಸ್ಮಾರ್ಟ್ ಸ್ಟಿಯರಿಂಗ್ ಹಾಕಿಕೊಡಿ, ಗಾಡಿ ರಸ್ತೆ ಬಿಟ್ಟು ಹಳ್ಳಕ್ಕೆ ಬೀಳಲ್ಲ. ಎಷ್ಟು ಹೊತ್ತು ಅನ್ನೋದಕ್ಕೆ ನಿಂಟೆಂಡೊದ ಪೇರೆಂಟಲ್ ಕಂಟ್ರೋಲ್ ಆ್ಯಪ್ ನಿಮ್ಮ ಫೋನಿಗೆ ಹಾಕಿಕೊಳ್ಳಿ. ಆದರೆ ಗಡುವನ್ನು ಮಕ್ಕಳನ್ನು ಕೂರಿಸಿಕೊಂಡು, ಅವರ ಬಾಯಿಂದಲೇ ಹೇಳಿಸಿ ಇಡಿ. ನಮ್ಮ ಮನೆಯಲ್ಲಿ ಅದೇ ನಡೆದದ್ದು. ಅಂದಹಾಗೆ, ಸ್ವಿಚ್‌ಗೆ ಹಾಕುವ ಆಟದ ಪುಟ್ಟ ಕಾರ್ಡಿಗೆ ತುಂಬಾ ಕಹಿ ಲೇಪ ಹಚ್ಚಿರುತ್ತಾರೆ, ಮಕ್ಕಳು ನುಂಗದಿರಲಿ ಅಂತ. ಮಗಳು ಬಾಯಿಗಿಟ್ಟು ಉಗಿದರೆ ಗಾಬರಿಯಾಗಬೇಡಿ.

ಪ್ರಶ್ನೆ: ಸಿದ್ಧಗಂಗೆ ಜಾತ್ರೆಯಲ್ಲಿ ಮೊಮ್ಮಗನಿಗೆ ಅಂತ 400 ಆಟದ ಸಣ್ಣ ಯಂತ್ರ ತಂದೆ. ಅವನು ಮೂಲೆಗಿಟ್ಟ. ಈಗ ನಾನೇ ಆಡುತ್ತಿದ್ದೇನೆ. ಯಾವುದು ಒಳ್ಳೆಯದು? (ನಿವೃತ್ತ ಮೇಷ್ಟ್ರು, ಗುಬ್ಬಿ)

ಉತ್ತರ: ಮೇಷ್ಟ್ರೇ, ಅದರಲ್ಲಿ ಮೇಲಿಂದ ಇಟ್ಟಿಗೆ ಬೀಳುವ ಆಟ ಒಂದಿದ್ದರೆ ಬೇರೇನೂ ಬೇಡ. ಅದರ ಮೂಲ ಟೆಟ್ರಿಸ್, 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೋವ್ ಮಾಡಿದ್ದು. 1989ರಲ್ಲಿ ನಿಂಟೆಂಡೊದ ಗೇಮ್ ಬಾಯ್ ಎಂಬ ಕೈಯಂತ್ರದ ಜೊತೆ ಸೇರಿ ಲೋಕವೆಲ್ಲ ಸುತ್ತಿತು. ಬಲಗಡೆ ಕೊನೆಯಲ್ಲಿ ಮೇಲಿಂದ ಕೆಳಗಿನವರೆಗೆ ಒಂದು ಇಟ್ಟಿಗೆಯಷ್ಟು ಸಂದಿ ಖಾಲಿ ಬಿಡಿ. ಉಳಿದ ಕಡೆ ತೂತಿಲ್ಲದ ಹಾಗೆ ನಾಲ್ಕು ವರಸೆ ಕಟ್ಟಿ. ಉದ್ದನೆಯ ಕೋಲು ಬಂದಾಗ ಆ ಸಂದಿಗೆ ನೆಟ್ಟಗೆ ಇಳಿಸಿ. ನಾಲ್ಕೂ ವರಸೆ ಒಟ್ಟಿಗೆ ಮಾಯವಾಗುತ್ತವೆ. ಕೋಲು ಬೇಗ ಬರಲಿಲ್ಲ ಅಂತ ಆತುರಪಟ್ಟು ಆ ಸಂದಿ ಮುಚ್ಚಬೇಡಿ. ರಾತ್ರಿ ಇಡೀ ಚಾರ್ಜಿಗೆ ಹಾಕಿ ಮಲಗಬೇಡಿ.