ಮುಹೆರಿಸ್ತಾ ದೈವಶಾಸ್ತ್ರ ಮತ್ತು ಇಸಾಸಿ-ದಿಯಾಸ್
ನಮಸ್ಕಾರ. ಕ್ಯೂಬಾ ಮೂಲದ ಕ್ಯಾಥೊಲಿಕ್ ದೈವಶಾಸ್ತ್ರಜ್ಞೆ ಅದಾ ಮರಿಯಾ ಇಸಾಸಿ-ದಿಯಾಸ್ ಅವರ ‘ಮುಹೆರಿಸ್ತಾ’ ದೈವಶಾಸ್ತ್ರವು ಸ್ತ್ರೀವಾದಿ ದೈವಶಾಸ್ತ್ರದ ಸ್ಪ್ಯಾನಿಷ್ ಹೆಸರಷ್ಟೇ ಅಲ್ಲವೇ ಎಂದು ಕೇಳಿದ್ದೀರಿ. ಹಾಗಲ್ಲವೆಂಬುದು ಅವರ ಬದುಕಿನಿಂದಲೇ ತಿಳಿಯುತ್ತದೆ.

1943ರಲ್ಲಿ ಹವಾನಾದಲ್ಲಿ ಹುಟ್ಟಿ, 1960ರಲ್ಲಿ ನಿರಾಶ್ರಿತರಾಗಿ ಅಮೆರಿಕ ಸೇರಿದ ಅವರು ಉರ್ಸುಲೈನ್ ಎಂಬ ಕ್ಯಾಥೊಲಿಕ್ ಸನ್ಯಾಸಿನಿಯರ ಸಭೆಗೆ ಸೇರಿ ಪೆರು ದೇಶದ ಬಡವರ ನಡುವೆ ದುಡಿದರು. ಮುಂದೆ ಆ ಸಭೆಯನ್ನು ಬಿಟ್ಟು, ಸ್ತ್ರೀಯರಿಗೂ ಗುರುದೀಕ್ಷೆ (ಪಾದ್ರಿಯಾಗುವ ದೀಕ್ಷೆ) ದೊರೆಯಬೇಕೆಂಬ ಕ್ಯಾಥೊಲಿಕ್ ಚಳವಳಿಯಲ್ಲಿ ತೊಡಗಿದರು. ಬಿಳಿಯ ಸ್ತ್ರೀವಾದಿಗಳು ತಮ್ಮ ಅನುಭವವನ್ನೇ ಎಲ್ಲ ಸ್ತ್ರೀಯರ ಅನುಭವವೆಂದು ಭಾವಿಸಿದಾಗ ಲ್ಯಾಟಿನಾಗಳ, ಅಂದರೆ ಅಮೆರಿಕದಲ್ಲಿರುವ ಲ್ಯಾಟಿನ್ ಅಮೆರಿಕ ಮೂಲದ ಸ್ತ್ರೀಯರ, ದನಿ ಕೇಳಿಸದೆ ಹೋಗುತ್ತದೆಂಬ ಅರಿವೇ, ‘ಸ್ತ್ರೀ’ ಎಂಬರ್ಥದ ‘ಮುಹೆರ್’ ಪದದಿಂದ ಹೊಸ ಹೆಸರೊಂದನ್ನು ಕಟ್ಟಲು ಕಾರಣವಾಯಿತು.

ನ್ಯೂಯಾರ್ಕಿನ ಯೂನಿಯನ್ ಥಿಯಲಾಜಿಕಲ್ ಸೆಮಿನರಿಯಲ್ಲಿ 1990ರಲ್ಲಿ ಡಾಕ್ಟರೇಟ್ ಪಡೆದು, 1991ರಿಂದ 2009ರವರೆಗೆ ಡ್ರೂ ವಿಶ್ವವಿದ್ಯಾಲಯದಲ್ಲಿ ಬೋಧಿಸಿದರು. ಕ್ಯಾಥೊಲಿಕ್ ವಿದುಷಿಯೊಬ್ಬರು ಮೆಥಡಿಸ್ಟ್ ಎಂಬ ಪ್ರೊಟೆಸ್ಟಂಟ್ ಪಂಗಡದ ಮೂಲದ ಸಂಸ್ಥೆಯಲ್ಲಿ ನೆಲೆ ಕಂಡುಕೊಂಡದ್ದು ಗಮನಾರ್ಹ.

ನನಗೆ ಅತ್ಯಂತ ಮಹತ್ವದ್ದೆನಿಸುವುದು ಅವರ ವಿಧಾನ. ಸಾಮಾನ್ಯ ಲ್ಯಾಟಿನಾ ಮಹಿಳೆಯರನ್ನು ಸಂದರ್ಶಿಸಿ, ದುಡಿಯುವ, ಮಕ್ಕಳನ್ನು ಸಾಕುವ, ಪ್ರಾರ್ಥಿಸುವ ಅವರ ದಿನನಿತ್ಯದ ಬದುಕನ್ನೇ ಇಸಾಸಿ-ದಿಯಾಸ್ ದೈವಶಾಸ್ತ್ರದ ಆಕರವಾಗಿಸಿದರು. ‘ದೇವರ ರಾಜ್ಯ’ ಎಂಬಲ್ಲಿನ ಅರಸೊತ್ತಿಗೆಯ ಧ್ವನಿಯನ್ನು ಒಪ್ಪದೆ, ಇಂಗ್ಲಿಷಿನ ‘kingdom’ ಪದದಿಂದ ‘g’ ಎಂಬ ಒಂದೇ ಅಕ್ಷರವನ್ನು ಕೈಬಿಟ್ಟು, ‘kin-dom’ ಎಂದು, ‘ದೇವರ ಬಂಧುಬಳಗ’ ಎಂಬರ್ಥ ಬರುವಂತೆ ಬಳಸಿದರು.