ಅಕ್ಕೋರನ್ನ ಕೇಳ್ರಿ: ಕಥಿ ಹೇಳಿದ್ದಾತು, ಇನ್ನ ಆಡಸ್ರಿ

ಪ್ರಶ್ನೆ: ಅಕ್ಕೋರೇ, ನನ್ನ ಮಗನಿಗೆ ಏಳು ವರ್ಷ. ‘ತೋಳ ಬಂತು ತೋಳ’ ಕಥೆ ಬಾಯಿಪಾಠ. ನೀತಿ ಏನು ಅಂದರೆ ‘ಸುಳ್ಳು ಹೇಳಬಾರದು’ ಅಂತ ಥಟ್ಟನೆ ಒಪ್ಪಿಸುತ್ತಾನೆ. ಮರುಗಳಿಗೆಗೇ ‘ಮನೆಪಾಠ ಬರೆದೇನಿ’ ಅಂತ ಸುಳ್ಳು ಹೇಳಿ ಓಣಿಗೆ ಓಡುತ್ತಾನೆ. ಕಥೆ ಹೇಳಿ ಏನು ಬಂತು?
– ಓದುಗರು, ಶಹಾಪುರ

ಉತ್ತರ: ತಂಗಿ, ನಿಮ್ಮ ಮಗ ಆ ಕಥೆಯನ್ನು ಇಲ್ಲಿವರೆಗೆ ಕುರಿ ಕಾಯುವ ಹುಡುಗನ ಕಡೆ ನಿಂತು ಕೇಳಿದ್ದಾನೆ. ಆ ಹುಡುಗನಿಗೆ ಎರಡು ಸಲ ಭಾರಿ ಮೋಜು. ಮಕ್ಕಳು ನಗುವುದೂ ಅಲ್ಲಿಯೇ. ಕೆಲಸ ಬಿಟ್ಟು ಓಡಿ ಬಂದವರ ಸಂಕಟ ಕಥೆಯಲ್ಲಿ ಒಂದು ಸಾಲಿಗೆ ಮುಗಿದುಹೋಗುತ್ತದೆ. ಆ ಸಾಲನ್ನೇ ಆಟ ಮಾಡಿ.

ಬಿಸಿಲು ಇಳಿದ ಮೇಲೆ ಓಣಿಯ ಮಕ್ಕಳನ್ನು ಮಾಳಿಗೆ ಮೇಲೆ ಸೇರಿಸಿ. ಮಗನಿಗೆ ಮೊದಲೇ ಕುರಿ ಕಾಯುವವನ ಕಂಬಳಿ ಕೊಡಬೇಡಿ. ಅವನು ತೊಗರಿ ಹೊಲದ ರೈತನಾಗಲಿ. ಕೈಗೆ ನಿಜವಾದ ಕೆಲಸ ಬೇಕು: ಹುಣಸೆಬೀಜ, ಶೇಂಗಾ ಕಲಸಿಟ್ಟು ಬೇರೆ ಬೇರೆ ಮಾಡಲು ಹೇಳಿ. ‘ತೋಳ ಬಂತೋ!’ ಅಂದ ಕೂಡಲೇ ಬಿಟ್ಟು ಓಡಬೇಕು. ಅಲ್ಲಿ ನೋಡಿದರೆ ತೋಳ ಇಲ್ಲ. ಅಷ್ಟರಲ್ಲಿ ಇನ್ನೊಂದು ಮಗು ದನವಾಗಿ ಹೊಲಕ್ಕೆ ನುಗ್ಗಿ ಬೀಜವನ್ನೆಲ್ಲ ಮತ್ತೆ ಕಲಸಿರಲಿ. ಎರಡನೇ ಸಲ ಹೀಗಾದಾಗ ನನ್ನ ತರಗತಿಯ ಒಬ್ಬ ಹುಡುಗ ‘ನಾ ಇನ್ನ ಬರಂಗಿಲ್ರಿ ಅಕ್ಕೋರೆ, ಅಂವ ಬರೇ ಸುಳ್ಳ ಹೇಳ್ತಾನ’ ಅಂತ ಮುಖ ಕೆಂಪು ಮಾಡಿ ಕೂತುಬಿಟ್ಟ. ಆ ಮಾತನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಪಾತ್ರ ಬದಲಿಸಿ, ಕಥೆಯ ಕೊನೆಯನ್ನೂ ಬದಲಿಸಿ. ಹುಡುಗ ಹಗಲೇ ರೈತರ ಹತ್ತಿರ ಹೋಗಿ ‘ಕಾಕಾ, ತೋಳ ಬಂದಿರಲಿಲ್ಲ, ನಾ ಸುಳ್ಳು ಹೇಳಿದೆ’ ಅನ್ನಲಿ. ರೈತರು ಏನು ಮಾಡುತ್ತಾರೆ? ಮಕ್ಕಳೇ ತೀರ್ಮಾನಿಸಲಿ. ಈ ಕೊನೆ ಬಹಳ ಮುಖ್ಯ ಅಂತ ನಾನು ಹೇಳುವುದಕ್ಕೆ ಕಾರಣವಿದೆ. ಟೊರಾಂಟೊ ವಿಶ್ವವಿದ್ಯಾಲಯದ ಕಾಂಗ್ ಲೀ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರರಿಂದ ಏಳು ವರ್ಷದ ಮಕ್ಕಳಿಗೆ ಬೇರೆ ಬೇರೆ ಕಥೆ ಹೇಳಿ, ನೋಡಬೇಡ ಅಂದಿದ್ದ ಆಟಿಕೆಯನ್ನು ಅವರು ಕದ್ದು ಇಣುಕಿದ್ದನ್ನು ಒಪ್ಪಿಕೊಳ್ಳುತ್ತಾರೋ ಇಲ್ಲವೋ ನೋಡಿದರು. ಸುಳ್ಳಿಗೆ ಶಿಕ್ಷೆಯಾಗುವ ಇದೇ ತೋಳದ ಕಥೆಯಿಂದ ಹೆಚ್ಚೇನೂ ಆಗಲಿಲ್ಲ. ತಪ್ಪು ಒಪ್ಪಿಕೊಂಡ ಹುಡುಗನನ್ನು ಅಪ್ಪ ಮೆಚ್ಚುವ ಕಥೆ ಕೇಳಿದ ಮಕ್ಕಳು ಮಾತ್ರ ನಿಜ ಹೇಳಿದ್ದು ಹೆಚ್ಚು. ನಿಜ ಹೇಳಿದರೆ ಏನಾಗುತ್ತದೆ ಎಂಬುದು ಮಗುವಿಗೆ ಕಾಣಬೇಕು ತಂಗಿ. ನಾವು ತೋಳವನ್ನಷ್ಟೇ ತೋರಿಸುತ್ತೇವೆ.

ಕಥೆ ಮುಗಿದ ಮೇಲೆ ಚಿತ್ರ ಬರೆಸುವುದು, ಪ್ರಶ್ನೆ ಕೇಳುವುದು ನಮ್ಮ ಶಾಲೆಗಳ ರೂಢಿ. ಅಮೆರಿಕದ ಸಂಶೋಧಕರಾದ ಪೆಲ್ಲೆಗ್ರಿನಿ ಮತ್ತು ಗಾಲ್ಡಾ 1982ರಲ್ಲಿ ಈ ಎರಡನ್ನೂ ಕಥೆ ಆಡಿಸುವುದರ ಜೊತೆ ಹೋಲಿಸಿ ನೋಡಿದಾಗ, ಆಡಿದ ಮಕ್ಕಳಿಗೇ ಕಥೆ ಹೆಚ್ಚು ಅರ್ಥವಾಗಿತ್ತು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಆಟದ ನಡುವೆ ‘ನೀನೂ ಹಿಂಗೇ ಮಾಡ್ತಿ ನೋಡು, ಮನೆಪಾಠದ ವಿಷಯದಾಗ’ ಅನ್ನಬೇಡಿ. ಅಂದಿರೋ, ಮಗ ಅಲ್ಲಿಂದಲೇ ಎದ್ದು ಹೋಗುತ್ತಾನೆ, ನಾಳೆ ಕರೆದರೂ ಬರುವುದಿಲ್ಲ. ಮನೆಪಾಠದ ಸುಳ್ಳನ್ನು ಬೇರೆ ಹೊತ್ತಿನಲ್ಲಿ, ಬೇರೆ ಮಾತಾಗಿ ನೋಡಿಕೊಳ್ಳಿ. ಅಂದು ಅವನು ‘ಬರೆದಿಲ್ಲವ್ವ’ ಅಂತ ನಿಜ ಹೇಳಿದರೆ ಬೈಯದೆ ಪಕ್ಕದಲ್ಲಿ ಕೂತು ಬರೆಸಿ.

ಪ್ರಶ್ನೆ: ಐದು ವರ್ಷದ ಮಗಳು. ಪುಣ್ಯಕೋಟಿ ಕಥೆ ಆಡುವಾಗ ಪ್ರತಿ ಸಲವೂ ಹುಲಿಯೇ ಆಗಬೇಕಂತೆ. ಕ್ರೂರ ಬುದ್ಧಿ ಬಂದರೆ?
– ಓದುಗರು, ಬೀದರ್

ಉತ್ತರ: ಹೆದರಬೇಡಿ, ಹುಲಿ ಆಗಲಿ. ಆ ಕಥೆಯಲ್ಲಿ ಕಷ್ಟದ ಕೆಲಸ ಹುಲಿಯದೂ ಹೌದು. ಹೊಟ್ಟೆ ಹಸಿದಿದ್ದರೂ ಹಸುವಿನ ಮಾತು ನಂಬಿ ಕಳಿಸಬೇಕು, ಬರುವವರೆಗೆ ಕಾಯಬೇಕು. ಮಂಚದ ಕೆಳಗೆ ಗವಿ ಮಾಡಿ, ಎದುರಿಗೆ ಒಂದು ತುಂಡು ಬೆಲ್ಲ ಇಡಿ. ಹಸು ಕರುವಿಗೆ ಹಾಲುಣಿಸಿ, ಎಲ್ಲರಿಗೂ ಹೇಳಿ ನಿಧಾನಕ್ಕೆ ಬರಲಿ. ಬೇರೆ ಹೊತ್ತಿನಲ್ಲಿ ಅರೆಗಳಿಗೆ ಕಾಯದ ಹುಡುಗಿ ಹುಲಿಯಾದಾಗ ಕಾಯುತ್ತಾಳೆ. ಆಟದಲ್ಲಿ ಮಗು ತನಗಿಂತ ಒಂದು ತಲೆ ಎತ್ತರ ಇರುತ್ತದೆ ಎಂದು ರಷ್ಯಾದ ಮನಶ್ಶಾಸ್ತ್ರಜ್ಞ ವಿಗೋಟ್‌ಸ್ಕಿ ಹೇಳಿದ್ದು ಇದನ್ನೇ. ಕೊನೆಗೆ ಹುಲಿ ಪ್ರಾಣ ಬಿಡುವುದು ಐದರ ಮಗುವಿಗೆ ಭಾರ. ಹುಲಿ ಬದುಕಿರಲಿ ಎಂದು ಅವಳು ಹಟ ಹಿಡಿದರೆ ಬದುಕಿಸಿ.

ಪ್ರಶ್ನೆ: ಒಬ್ಬನೇ ಮಗ. ಅಂಗಡಿ ಮುಚ್ಚಿ ಮನೆಗೆ ಬಂದರೆ ಅಡುಗೆಗೇ ಹೊತ್ತು ಸಾಲದು. ಆಡಿಸುವುದು ಯಾವಾಗ?
– ಓದುಗರು, ಕಲಬುರಗಿ

ಉತ್ತರ: ರೊಟ್ಟಿ ಬಡಿಯುವಾಗಲೇ ಆಡಿ. ನೀವು ಒಲೆ ಮುಂದೆ ಕೂತೇ ರೈತರಾಗಿ, ಅವನು ಪಡಸಾಲೆಯಿಂದ ಕೂಗಲಿ. ಹಿಟ್ಟಿನ ಕೈಯಲ್ಲಿ ಒಂದು ಸಲ ಎದ್ದು ಹೋಗಿ ಬನ್ನಿ, ಹಂಚಿನ ಮೇಲಿನ ರೊಟ್ಟಿ ಕರಕಾದರೆ ಆಗಲಿ, ಅದನ್ನು ಅವನಿಗೆ ತೋರಿಸಿ. ಮನೆಯಲ್ಲಿ ಮುತ್ಯಾ ಇದ್ದರೆ ಕುರಿಗಳ ಪಾತ್ರ ಅವರಿಗೆ ಕೊಡಿ, ಮೊಣಕಾಲು ನೋವಿದ್ದರೂ ಕೂತಲ್ಲೇ ಆಡಬಹುದು.